ಕ್ಸೆನಾನ್‌ಗೆ ಬದಲಿ ಯಾವುದು?

ವಿದ್ಯುತ್ ಥ್ರಸ್ಟರ್ ಏನನ್ನೂ ಸುಡುವುದಿಲ್ಲ. ಅನಿಲವನ್ನು ಅಯಾನಾಗಿಸಿ, ವಿದ್ಯುತ್ ಬಲದಿಂದ ಹಿಂದಕ್ಕೆ ಚಿಮ್ಮಿಸುತ್ತದೆ. ನೌಕೆ ಮುಂದಕ್ಕೆ ಸಾಗುತ್ತದೆ. ಚಿಮ್ಮಿಸುವ ಆ ನೋದಕ ಯಾವುದಿರಬೇಕೆಂದು ನೆನಪಿಡಲು ಹೊಸೆದ ನಾಲ್ಕು ಸಾಲು ಹೀಗಿವೆ:

ತೂಕದ ಕಣ ಬೇಕು, ಸುಲಭಕ್ಕೆ ಅಯಾನಾಗಬೇಕು;
ಬೇಕೆಂದ ಕ್ಸೆನಾನು ಗಾಳಿಯಲ್ಲಿ ಚೂರೇ ಚೂರು.
ಸಾಕೆಂದು ಹಗುರಕ್ಕೆ ಹೋದರೆ ಕರೆಂಟಿನ ಬಿಲ್ಲು;
ಜೋಕೆ, ಗಟ್ಟಿ ಅಯೋಡಿನ್‌ಗೆ ಲೋಹ ತಿನ್ನುವ ಚಾಳಿ.

‘ತೂಕದ ಕಣ ಬೇಕು, ಸುಲಭಕ್ಕೆ ಅಯಾನಾಗಬೇಕು’
ಅಯಾನಾಗಿಸಲು ವ್ಯಯವಾದ ಶಕ್ತಿ ನೌಕೆಯನ್ನು ತಳ್ಳುವುದಿಲ್ಲ. ಅದು ನಷ್ಟದ ಬಾಬತ್ತು. ಪರಮಾಣು ಭಾರವಾದಷ್ಟೂ ಒಂದು ಗ್ರಾಂನಲ್ಲಿ ಅವುಗಳ ಸಂಖ್ಯೆ ಕಡಿಮೆ, ನಷ್ಟವೂ ಕಡಿಮೆ. ಕ್ಸೆನಾನ್‌ನ ಪರಮಾಣು ತೂಕ 131. ಮೊದಲ ಎಲೆಕ್ಟ್ರಾನ್ ಕೀಳಲು 12.1 ಎಲೆಕ್ಟ್ರಾನ್ ವೋಲ್ಟ್ ಸಾಕು. ಪಾದರಸ ಈ ಎರಡು ಲೆಕ್ಕದಲ್ಲೂ ಮೇಲು. 1964ರ ಸರ್ಟ್-1 ಪ್ರಯೋಗದಲ್ಲಿ ನಾಸಾ ಅದನ್ನು ಬಳಸಿತ್ತು. ಆದರೆ ಅದು ವಿಷ.

‘ಬೇಕೆಂದ ಕ್ಸೆನಾನು ಗಾಳಿಯಲ್ಲಿ ಚೂರೇ ಚೂರು’
ಒಂದು ಕೋಟಿ ಭಾಗ ಗಾಳಿಯಲ್ಲಿ ಕ್ಸೆನಾನ್ ಒಂದು ಭಾಗವೂ ಇಲ್ಲ. ಉಕ್ಕಿನ ಕಾರ್ಖಾನೆಗಳಿಗೆ ಆಮ್ಲಜನಕ ಒದಗಿಸುವ ದೊಡ್ಡ ಘಟಕಗಳಲ್ಲಿ ಅದು ಉಪ ಉತ್ಪನ್ನವಾಗಿ ದೊರೆಯುತ್ತದೆ; ಬೇಡಿಕೆ ಏರಿತೆಂದು ಉತ್ಪಾದನೆ ಥಟ್ಟನೆ ಏರದು. 2007ರಲ್ಲಿ ಹೊರಟ ಡಾನ್ ನೌಕೆ 425 ಕಿಲೋ ಹೊತ್ತೊಯ್ದಿತ್ತು. ಒಂದು ನೌಕೆಗೆ ಸರಿ, ಸಾವಿರಾರು ಉಪಗ್ರಹಗಳಿಗೆ?

‘ಸಾಕೆಂದು ಹಗುರಕ್ಕೆ ಹೋದರೆ ಕರೆಂಟಿನ ಬಿಲ್ಲು’
ಸಾವಿರಾರು ಉಪಗ್ರಹಗಳ ಜಾಲವಾದ ಸ್ಟಾರ್‌ಲಿಂಕ್ 2019ರಲ್ಲಿ ಕ್ರಿಪ್ಟಾನ್ ಹಿಡಿಯಿತು, 2023ರಲ್ಲಿ ಆರ್ಗಾನ್‌ಗೆ ಇಳಿಯಿತು. ಗಾಳಿಯಲ್ಲಿ ಶೇ. 0.93ರಷ್ಟಿರುವ ಆರ್ಗಾನ್ ಬಲು ಅಗ್ಗ. ಆದರೆ ಅದರ ತೂಕ 40, ಎಲೆಕ್ಟ್ರಾನ್ ಕೀಳಲು ಬೇಕಾದದ್ದು 15.8 ಎಲೆಕ್ಟ್ರಾನ್ ವೋಲ್ಟ್. ಒಂದು ಗ್ರಾಂನಲ್ಲಿ ಕ್ಸೆನಾನ್‌ಗಿಂತ ಮೂರು ಪಟ್ಟಿಗೂ ಹೆಚ್ಚು ಪರಮಾಣುಗಳು. ಪ್ರತಿಯೊಂದಕ್ಕೂ ಹೆಚ್ಚಿನ ಖರ್ಚು. ಅದೇ ವೋಲ್ಟೇಜಿನಲ್ಲಿ ಆರ್ಗಾನ್ ಅಯಾನು ಸುಮಾರು 1.8 ಪಟ್ಟು ವೇಗವಾಗಿ ಚಿಮ್ಮುತ್ತದೆ, ನಿಜ. ಆದರೆ ವೇಗ ಹೆಚ್ಚಿದಷ್ಟೂ ಒಂದು ವಾಟ್‌ಗೆ ದಕ್ಕುವ ತಳ್ಳುಬಲ ಇಳಿಯುತ್ತದೆ. ಅಗ್ಗದ ಅನಿಲಕ್ಕೆ ಅಗಲವಾದ ಸೌರಫಲಕ ಬೇಕು.

‘ಜೋಕೆ, ಗಟ್ಟಿ ಅಯೋಡಿನ್‌ಗೆ ಲೋಹ ತಿನ್ನುವ ಚಾಳಿ’
ಆವರ್ತ ಕೋಷ್ಟಕದಲ್ಲಿ ಕ್ಸೆನಾನ್‌ನ ಪಕ್ಕದ ಮನೆ ಅಯೋಡಿನ್‌ನದು. ತೂಕ 127. ಮಾಮೂಲಿ ಉಷ್ಣತೆಯಲ್ಲಿ ಘನ. ಹೆಚ್ಚಿನ ಒತ್ತಡದ ಟ್ಯಾಂಕ್ ಬೇಡ, ಹದವಾಗಿ ಕಾಯಿಸಿದರೆ ಆವಿ. 2020ರ ನವೆಂಬರಿನಲ್ಲಿ ಹಾರಿದ ಚೀನಾದ ಪುಟ್ಟ ಉಪಗ್ರಹವೊಂದರಲ್ಲಿ ಫ್ರಾನ್ಸಿನ ಥ್ರಸ್ಟ್‌ಮಿ ಕಂಪನಿಯ ಅಯೋಡಿನ್ ಥ್ರಸ್ಟರ್ ಕೆಲಸ ಮಾಡಿ ತೋರಿಸಿತು. ‘ಚಾಳಿ’ ಎಂದದ್ದು ಏಕೆಂದರೆ, ಅದರ ಆವಿ ಹಲವು ಲೋಹಗಳನ್ನು ಕೊರೆಯುತ್ತದೆ. ಕೊಳವೆಯಲ್ಲಿ ತಣಿದರೆ ಮತ್ತೆ ಗಟ್ಟಿಯಾಗಿ ದಾರಿ ಕಟ್ಟುತ್ತದೆ.

ಆದ್ದರಿಂದ ‘ಯಾವುದು ಉತ್ತಮ?’ ಎಂದು ಕೇಳುವ ಮೊದಲು ‘ಈ ನೌಕೆಯಲ್ಲಿ ಯಾವುದಕ್ಕೆ ಬರ?’ ಎಂದು ಕೇಳಬೇಕು. ಹಣಕ್ಕೆ ಬರವಿದ್ದರೆ ಆರ್ಗಾನ್, ಜಾಗಕ್ಕಾದರೆ ಅಯೋಡಿನ್, ವಿದ್ಯುತ್ತಿಗಾದರೆ ಈಗಲೂ ಕ್ಸೆನಾನ್.