ದೋಷಪರದೆ ಹೇಳಬೇಕಾದ ಎರಡು ಮಾತು

ಗಣಕದ ಗುಂಡಿ ಒತ್ತಿದಾಗ ಕಾರ್ಯಾಚರಣ ವ್ಯವಸ್ಥೆಯ ಬದಲು ದೋಷಸಂದೇಶ ಬಂದರೆ ನಿಮಗೆ ಬೇಕಾದದ್ದು ಎರಡೇ ಉತ್ತರ: ತಡೆಯಾದದ್ದು ಎಲ್ಲಿ? ಮುಂದೇನು ಮಾಡಬೇಕು? ವಿಂಡೋಸ್‌ನ ಪರದೆಗಳನ್ನು ಈ ಒರೆಗೆ ಹಚ್ಚಿ ನೋಡಿ.

ವಿಂಡೋಸ್ ಎಕ್ಸ್‌ಪಿ (2001) ಗಣಕಗಳಲ್ಲಿ ‘ಎನ್‌ಟಿಎಲ್‌ಡಿಆರ್ ಕಾಣೆಯಾಗಿದೆ’ ಎಂಬ ಸಂದೇಶ ಬರುತ್ತಿತ್ತು. ವ್ಯವಸ್ಥೆಯನ್ನು ಸ್ಮೃತಿಗೆ ತುಂಬುವ ಕಡತದ ಹೆಸರದು. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಸಂದೇಶದ ಸಲಹೆ, ಮೂರು ಕೀಲಿ ಒತ್ತಿ ಮತ್ತೆ ಆರಂಭಿಸಿ ಎಂಬುದು! ಒತ್ತಿದರೆ ಮತ್ತೆ ಅದೇ ಸಂದೇಶ. ಮೂಲ ಸಿ.ಡಿ.ಯಿಂದ ಕಡತವನ್ನು ನಕಲಿಸಬಹುದೆಂಬ ಸುಳಿವೇ ಇರಲಿಲ್ಲ. ವಿಂಡೋಸ್ 8 (2012) ಅಳುಮೋರೆಯ ಚಿಹ್ನೆ ತಂದಿತು. ಅನುಕಂಪ ಹೆಚ್ಚಿತು, ಮಾಹಿತಿ ಹೆಚ್ಚಲಿಲ್ಲ.

ಈ ಕೊರತೆಯ ಬೆಲೆ 2024ರ ಜುಲೈ 19ರಂದು ತಿಳಿಯಿತು. ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷಪೂರ್ಣ ಕಡತವೊಂದರಿಂದ ಸುಮಾರು 85 ಲಕ್ಷ ಗಣಕಗಳು ಕುಸಿದವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಪರದೆ ಹೆಸರಿಸಿದ್ದು ಆ ತಂತ್ರಾಂಶದ ಚಾಲಕವನ್ನು. ಅಳಿಸಬೇಕಾಗಿದ್ದುದು ಬೇರೆ ಕಡತವನ್ನು. ಸೇಫ್ ಮೋಡ್‌ಗೆ ಹೋಗಿ ಅಳಿಸೋಣವೆಂದರೆ, ಬಿಟ್‌ಲಾಕರ್ ಬೀಗವಿದ್ದ ಗಣಕಗಳು 48 ಅಂಕಿಗಳ ಕೀಲಿ ಕೇಳಿದವು. ಒಂದೊಂದು ಗಣಕದ ಮುಂದೆಯೂ ಒಬ್ಬರು ಕೂರಬೇಕಾಯಿತು.

2025ರಲ್ಲಿ ವಿಂಡೋಸ್ 11ರ ದೋಷಪರದೆ ಕಪ್ಪಾಯಿತು. ಅಳುಮೋರೆ ಹೋಯಿತು, ಸಂಕೇತ ಮತ್ತು ಚಾಲಕದ ಹೆಸರು ಉಳಿದವು. ಬಣ್ಣಕ್ಕಿಂತ ಮುಖ್ಯವಾದದ್ದು, ಅದೇ ವರ್ಷ ಬಂದ, ಅಂತರಜಾಲದಿಂದ ಪರಿಹಾರವನ್ನು ತಾನೇ ತರಿಸಿಕೊಳ್ಳುವ ಸೌಲಭ್ಯ. ಎರಡನೆಯ ಪ್ರಶ್ನೆಗೆ ಇದು ನಿಜವಾದ ಉತ್ತರ. ಆದರೆ ಸಂಪರ್ಕವಿಲ್ಲದ ಗಣಕಕ್ಕೆ ಇದು ಒದಗದು. ಆದ್ದರಿಂದ ನಿಮ್ಮ ಬಿಟ್‌ಲಾಕರ್ ಕೀಲಿಯನ್ನು ಇಂದೇ ಕಾಗದದಲ್ಲಿ ಬರೆದಿಡಿ. ಗಣಕದೊಳಗೇ ಇಟ್ಟ ಕೀಲಿ, ಗಣಕ ಏಳದ ದಿನ ಕೈಗೆ ಸಿಗುವುದಿಲ್ಲ.