ನಮಗಷ್ಟೇ ಮುಚ್ಚಿಟ್ಟ ಸಾವು

2016ರ ಏಪ್ರಿಲ್. ಹಾಸ್ಟೆಲ್ ಕೋಣೆಯಲ್ಲಿ ಒಂದೇ ಮಂಚದ ಮೇಲೆ ಮೂವರು ಒತ್ತಿಕೊಂಡು ಕೂತು ‘ದಿ ವಾಕಿಂಗ್ ಡೆಡ್’ ಧಾರಾವಾಹಿಯ ಆರನೇ ಸೀಸನ್ನಿನ ಕೊನೆಯ ಕಂತು ನೋಡುತ್ತಿದ್ದೆವು. ನಾವು ಬಲ್ಲ ಹನ್ನೊಂದು ಮಂದಿ ಮಂಡಿಯೂರಿ ಕೂತಿದ್ದಾರೆ. ಮುಳ್ಳುತಂತಿ ಸುತ್ತಿದ ಬ್ಯಾಟು ಹಿಡಿದ ನೀಗನ್, ಮಕ್ಕಳು ಆಟಕ್ಕೆ ಆಳು ಆರಿಸುವಾಗ ಹೇಳುವಂಥ ಪದ್ಯ ಹೇಳುತ್ತ ಒಬ್ಬೊಬ್ಬರತ್ತ ಅದನ್ನು ತೋರಿಸುತ್ತಿದ್ದಾನೆ. ಪದ್ಯ ಮುಗಿಯುತ್ತದೆ. ಕ್ಯಾಮೆರಾ ಸಾಯಲಿರುವವರ ಕಣ್ಣಾಗುತ್ತದೆ. ಏಟು ಬೀಳುತ್ತದೆ, ಪರದೆಯ ಮೇಲೆ ರಕ್ತ ಇಳಿಯುತ್ತದೆ, ಆಮೇಲೆ ಬರೀ ಕತ್ತಲು.

“ಬ್ಯಾಟರಿ ಹೋಯ್ತೇನೇ?” ಎಂದಳು ಒಬ್ಬಳು.

ಹೋಗಿರಲಿಲ್ಲ. ಕಂತು ಮುಗಿದಿತ್ತು. ಸತ್ತವರು ಯಾರೆಂದು ತಿಳಿಯಲು ಅಕ್ಟೋಬರ್‌ವರೆಗೆ ಕಾಯಬೇಕಿತ್ತು.

ಈ ಧಾರಾವಾಹಿಯ ಮೇಲೆ ಅದರ ಅಭಿಮಾನಿಗಳಿಗೆ ಇರುವಷ್ಟು ಸಿಟ್ಟು ಅದರ ವೈರಿಗಳಿಗೂ ಇರಲಾರದು. ಆ ಸಿಟ್ಟಿಗೆ ಸಾಮಾನ್ಯವಾಗಿ ಎರಡು ಕಾರಣ ಕೊಡುತ್ತಾರೆ. ಒಂದು, ಧಾರಾವಾಹಿ ಮೂಲ ಕಾಮಿಕ್ಸಿಗೆ ನಿಷ್ಠವಾಗಿಲ್ಲ. ಇನ್ನೊಂದು, ಅತಿಯಾದ ಕ್ರೌರ್ಯ. ಎರಡೂ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ರಾಬರ್ಟ್ ಕಿರ್ಕ್‌ಮನ್ ಬರೆದ ಕಾಮಿಕ್ಸ್ ಶುರುವಾದದ್ದು 2003ರಲ್ಲಿ. ಮೊದಲ ಆರು ಸಂಚಿಕೆಗಳಿಗೆ ಟೋನಿ ಮೂರ್, ಆಮೇಲಿನವಕ್ಕೆ ಚಾರ್ಲಿ ಆಡ್ಲರ್ಡ್ ಚಿತ್ರ ಬರೆದರು. ಎಲ್ಲವೂ ಕಪ್ಪು-ಬಿಳುಪು. ಎಎಂಸಿ ವಾಹಿನಿಯಲ್ಲಿ ಧಾರಾವಾಹಿ ಬಂದದ್ದು 2010ರ ಅಕ್ಟೋಬರ್ 31ರಂದು. ಮೊದಲಿನಿಂದಲೂ ಅದು ಮೂಲದ ದಾರಿ ಬಿಟ್ಟು ನಡೆದಿದೆ. ಜನ ಅತ್ಯಂತ ಹಚ್ಚಿಕೊಂಡ ಡ್ಯಾರಿಲ್ ಕಾಮಿಕ್ಸಿನಲ್ಲಿ ಇಲ್ಲವೇ ಇಲ್ಲ. ಅಲ್ಲಿ ಬೇಗನೆ ಸಾಯುವ ಕ್ಯಾರಲ್ ಇಲ್ಲಿ ಹನ್ನೊಂದು ಸೀಸನ್ ಬದುಕಿ, ಹೆದರಿದ ಹೆಂಗಸಿನಿಂದ ಇಡೀ ಗುಂಪನ್ನು ಕಾಯುವವಳಾಗಿ ಬೆಳೆಯುತ್ತಾಳೆ. ಅಲ್ಲಿ ಕೊನೆಯವರೆಗೂ ಬದುಕುವ ಅವಳ ಮಗಳು ಸೋಫಿಯಾ ಇಲ್ಲಿ ಎರಡನೇ ಸೀಸನ್ನಿನಲ್ಲೇ ಹೋಗುತ್ತಾಳೆ. ಈ ಬದಲಾವಣೆಗಳನ್ನು ಅಭಿಮಾನಿಗಳು ಒಪ್ಪಿದರು, ಮೆಚ್ಚಿದರು. ಕ್ರೌರ್ಯದ ಮಾತೂ ಅಷ್ಟೇ. ಸತ್ತವರು ಎದ್ದು ಬಂದು ಬದುಕಿದ್ದವರನ್ನು ಹರಿದು ತಿನ್ನುವ ಕಥೆಯನ್ನು ಆರು ವರ್ಷ ನೋಡಿದವರು ಏಳನೆಯ ವರ್ಷ ರಕ್ತ ಕಂಡು ಬೆಚ್ಚಿಬಿದ್ದರು ಎಂದರೆ ನಂಬುವುದು ಕಷ್ಟ.

ಹಾಗಾದರೆ ಸಿಟ್ಟು ಯಾತರದ್ದು?

ಸೋಫಿಯಾಳ ಪ್ರಸಂಗವನ್ನೇ ನೋಡಿ. ಹುಡುಗಿ ಕಾಡಿನಲ್ಲಿ ಕಳೆದುಹೋಗುತ್ತಾಳೆ. ಅರ್ಧ ಸೀಸನ್ ಎಲ್ಲರೂ ಹುಡುಕುತ್ತಾರೆ. ಕೊನೆಗೆ, ಅವರು ಉಳಿದುಕೊಂಡಿದ್ದ ತೋಟದ ಕೊಟ್ಟಿಗೆಯ ಬಾಗಿಲು ತೆರೆದಾಗ, ಒಳಗೆ ಕೂಡಿಟ್ಟಿದ್ದ ಶವಗಳ ನಡುವಿನಿಂದ ಅವಳೂ ನಡೆದು ಬರುತ್ತಾಳೆ. ಕಥೆಗಾರರು ಇಲ್ಲೂ ಮುಚ್ಚಿಟ್ಟಿದ್ದರು. ಆದರೆ ನಮಗೆ ಗೊತ್ತಿಲ್ಲದ್ದು ಅವಳ ತಾಯಿಗೂ ಗೊತ್ತಿರಲಿಲ್ಲ. ಕ್ಯಾರಲ್‌ಳ ಎದೆ ಒಡೆದ ಗಳಿಗೆಯಲ್ಲೇ ನಮ್ಮದೂ ಒಡೆಯಿತು.

ಈಗ ನೀಗನ್‌ನ ಬ್ಯಾಟಿಗೆ ಬನ್ನಿ. ಏಟು ಬಿದ್ದದ್ದು ಯಾರ ಮೇಲೆ ಎಂಬುದು ಆ ಬಯಲಿನಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿಲ್ಲದ್ದು ನಮಗೆ ಮಾತ್ರ. ಆರು ವರ್ಷ ಅವರ ಜೊತೆ ಹಸಿದು, ಓಡಿ, ಹೆದರಿದವರನ್ನು ಕಥೆ ಆ ಕ್ಷಣ ಹೊರಗೆ ಹಾಕಿ ಬಾಗಿಲು ಹಾಕಿಕೊಂಡಿತು. ಮುಂದೆ ಆಗಲಿರುವುದನ್ನು ಮುಚ್ಚಿಡುವುದು ಕಥೆ ಹೇಳುವವರ ಹಕ್ಕು. ಕಣ್ಣೆದುರೇ ಆಗಿಹೋದದ್ದನ್ನು ಮುಚ್ಚಿಡುವುದು ಬೇರೆಯೇ ಸಂಗತಿ.

ಅದೇ ಸೀಸನ್ನಿನ ಮೂರನೇ ಕಂತಿನಲ್ಲಿ ಇದರ ತಾಲೀಮು ನಡೆದಿತ್ತು. ಗ್ಲೆನ್ ಶವಗಳ ಗುಂಪಿನ ನಡುವೆ ಬೀಳುತ್ತಾನೆ, ಕರುಳು ಹರಿಯುವುದು ಕಾಣುತ್ತದೆ. ಮುಂದಿನ ಕಂತುಗಳ ಶೀರ್ಷಿಕೆಯಿಂದ ನಟ ಸ್ಟೀವನ್ ಯೂನ್ ಹೆಸರನ್ನೂ ತೆಗೆದರು. ನಾಲ್ಕು ವಾರದ ನಂತರ ನೋಡಿದರೆ ಹರಿದದ್ದು ಅವನ ಮೇಲೆ ಬಿದ್ದಿದ್ದ ಇನ್ನೊಬ್ಬನ ಕರುಳು. ಗ್ಲೆನ್ ಕಸದ ದೊಡ್ಡ ತೊಟ್ಟಿಯಡಿ ತೆವಳಿ ಬದುಕಿದ್ದ! ಅವನಿಗಾಗಿ ಅತ್ತವರಿಗೆ ಸಂತೋಷವಾಗಬೇಕಿತ್ತು. ಬಹಳ ಜನಕ್ಕೆ ಆದದ್ದು ಅವಮಾನ.

ಕಾಮಿಕ್ಸಿನಲ್ಲಿ ಗ್ಲೆನ್ ಸಾಯುವುದು 2012ರಲ್ಲಿ ಬಂದ ನೂರನೇ ಸಂಚಿಕೆಯಲ್ಲಿ. ಅಲ್ಲೂ ಅದೇ ಬ್ಯಾಟು, ಅದೇ ಎಣಿಕೆ. ಆದರೆ ಆರಿಸುವುದು, ಕೊಲ್ಲುವುದು, ಮ್ಯಾಗಿಯ ಸಂಕಟ ಎಲ್ಲವೂ ಒಂದೇ ಸಂಚಿಕೆಯೊಳಗೆ. ಸಾವಿಗೂ ಶೋಕಕ್ಕೂ ನಡುವೆ ಪುಟ ಮಗುಚುವಷ್ಟೇ ಅಂತರ. ಅದನ್ನು ಓದಿದ್ದವರಿಗೆ ಟೀವಿಯಲ್ಲಿ ಏನಾಗಬಹುದೆಂಬ ಅಂದಾಜು ಇತ್ತು. ಗೊತ್ತಿದ್ದರೆ ದುಃಖ ಕಡಿಮೆಯಾಗುತ್ತದೆಯೇ? ಕರ್ಣ ಸಾಯುತ್ತಾನೆಂದು ಗೊತ್ತಿದ್ದೇ ನಾವು ತಾಳಮದ್ದಳೆಗೆ ಹೋಗಿ ಕೂರುತ್ತೇವೆ. ನಮ್ಮನ್ನು ಅಳಿಸುವುದು ಸುದ್ದಿಯಲ್ಲ, ಆ ಹೊತ್ತಿನಲ್ಲಿ ಅವನ ಬಳಿ ಇರುವುದು.

ಕಿರ್ಕ್‌ಮನ್ ಕೂಡ ಮುಚ್ಚಿಟ್ಟವರೇ. 2019ರ ಜುಲೈನಲ್ಲಿ 193ನೇ ಸಂಚಿಕೆಯೊಂದಿಗೆ, ಯಾವ ಮುನ್ಸೂಚನೆಯೂ ಇಲ್ಲದೆ ಕಥೆ ಮುಗಿಸಿದರು. ಗುಟ್ಟು ಉಳಿಯಲೆಂದು ಬಾರದ ಸಂಚಿಕೆಗಳಿಗೂ ಜಾಹೀರಾತು ಕೊಟ್ಟಿದ್ದರು. ಆದರೆ ಓದುಗರ ಕೈಗೆ ಬಂದದ್ದು ಪೂರ್ತಿಯಾದ ಅಂತ್ಯ. ದೊಡ್ಡವನಾದ ಕಾರ್ಲ್ ತನ್ನ ಮಗಳಿಗೆ ಕಥೆ ಓದಿ ಹೇಳುತ್ತಿರುತ್ತಾನೆ.

ಧಾರಾವಾಹಿಯಲ್ಲಿ ಈ ಕಾರ್ಲ್ 2018ರಲ್ಲೇ ಸಾಯುತ್ತಾನೆ. ಅದಕ್ಕೂ ದೊಡ್ಡ ಗಲಾಟೆಯಾಯಿತು. ನನಗೂ ಸಿಟ್ಟು ಬಂದಿತ್ತು. ಮಗನೇ ಇಲ್ಲದ ಮೇಲೆ ರಿಕ್ ಕಟ್ಟುವ ನಾಳೆ ಯಾರಿಗೆ ಎಂದು. ಆದರೆ ಅದನ್ನು ಮೋಸ ಎನ್ನಲಾರೆ. ಕಚ್ಚಿದ ಗಾಯ ತೋರಿಸಿದರು, ಬೀಳ್ಕೊಡಲು ಒಂದಿಡೀ ಕಂತು ಕೊಟ್ಟರು. ಅದು ಕೆಟ್ಟ ನಿರ್ಧಾರ, ಅಷ್ಟೆ. ನಿರಾಸೆಯನ್ನೂ ವಿಶ್ವಾಸಭಂಗವನ್ನೂ ಒಂದೇ ಕಸಬರಿಗೆಯಲ್ಲಿ ಗುಡಿಸಿದರೆ ನಮ್ಮ ದೂರೇ ದುರ್ಬಲವಾಗುತ್ತದೆ.

ಏಳನೇ ಸೀಸನ್ನಿನ ಮೊದಲ ಕಂತನ್ನು ಅಮೆರಿಕದಲ್ಲಿ ಸುಮಾರು 1 ಕೋಟಿ 70 ಲಕ್ಷ ಜನ ನೋಡಿದರು. ಅದೇ ಸೀಸನ್ನಿನ ಕೊನೆಯ ಕಂತಿಗೆ ಉಳಿದವರು ಸುಮಾರು 1 ಕೋಟಿ 13 ಲಕ್ಷ. ಟೀವಿ ನೋಡುವ ರೂಢಿಯೇ ಆಗ ಬದಲಾಗುತ್ತಿತ್ತು, ಎಲ್ಲ ತಪ್ಪನ್ನೂ ಒಂದು ಬ್ಯಾಟಿನ ಮೇಲೆ ಹೊರಿಸಲಾಗದು. ಆದರೂ ಉತ್ತರಕ್ಕೆಂದು ಬಂದವರಲ್ಲಿ ಎಷ್ಟೋ ಜನ ಉತ್ತರ ಸಿಕ್ಕ ಮೇಲೆ ಉಳಿಯಲಿಲ್ಲ ಎಂದು ನನಗನ್ನಿಸುತ್ತದೆ.

ಇತ್ತೀಚೆಗೆ ಹಾಸ್ಟೆಲಿನ ಜೂನಿಯರ್ ಒಬ್ಬಳು ಇಡೀ ಧಾರಾವಾಹಿಯನ್ನು ಒಂದೇ ಬೀಸಿಗೆ ನೋಡಿ ಮುಗಿಸಿದಳು. ಅವಳಿಗೆ ಆ ಆರು ತಿಂಗಳು ಹತ್ತು ಸೆಕೆಂಡ್ ಕೂಡ ಆಗಿರಲಿಲ್ಲ. “ಅಷ್ಟಕ್ಕೇ ಯಾಕಕ್ಕಾ ಅಷ್ಟು ಸಿಟ್ಟು?” ಎಂದು ಕೇಳಿದಳು. ನಾನು ನಮ್ಮ ಪಂದ್ಯದ ಕಥೆ ಹೇಳಿದೆ.

ಆ ಆರು ತಿಂಗಳು ನಾವು ಮೂವರು ಸತ್ತವರು ಯಾರೆಂದು ಪಂದ್ಯ ಕಟ್ಟಿದ್ದೆವು. ಕಾಮಿಕ್ಸ್ ಓದಿದ್ದವಳು ಗ್ಲೆನ್ ಅಂದಳು, ಇನ್ನೊಬ್ಬಳು ಅಬ್ರಹಾಂ, ನಾನು ಡ್ಯಾರಿಲ್. ಅಕ್ಟೋಬರಿನಲ್ಲಿ ಮೊದಲು ಅಬ್ರಹಾಂ ಸತ್ತ, ಆಮೇಲೆ ಗ್ಲೆನ್. ಬಸುರಿ ಮ್ಯಾಗಿ ಕೆಸರಿನಲ್ಲಿ ಕೂತು ಗಂಡನನ್ನು ನೋಡುತ್ತಿದ್ದಳು. ನನ್ನ ಬಾಯಿಂದ ಬಂದ ಮೊದಲ ಮಾತು, “ಸದ್ಯ, ಡ್ಯಾರಿಲ್ ಅಲ್ಲ.” ಎರಡನೆಯದು, “ಹಾಗಾದ್ರೆ ಸೋತವಳು ನಾನೊಬ್ಬಳೇ.”

ಮರುದಿನ ಇಬ್ಬರಿಗೂ ಮಸಾಲೆ ದೋಸೆ ಕೊಡಿಸಿದೆ. ಗ್ಲೆನ್‌ಗಾಗಿ ನಮ್ಮಲ್ಲಿ ಒಬ್ಬರೂ ಅಳಲಿಲ್ಲ.