ಬಾಡ್‌ಗೆ ಬೀಗ, ಅಲಾರಂಗೆ ಬಯಲು

ಅಡ್ವಾಂಟೆಕ್ ಕಂಪನಿಯ ಆ್ಯಡಮ್-4011 ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಮಾಡ್ಯೂಲು. ಕುಲುಮೆಯ ಥರ್ಮೋಕಪಲ್ ಕೊಡುವ ಮಿಲಿವೋಲ್ಟನ್ನು ಉಷ್ಣಾಂಶಕ್ಕೆ ಬದಲಿಸಿ, ಆರ್‌ಎಸ್-485 ಎಂಬ ಎರಡು ತಂತಿಯ ಸಾಲಿನಲ್ಲಿ ಕಂಪ್ಯೂಟರಿಗೆ ಒಪ್ಪಿಸುವುದು ಅದರ ಕೆಲಸ. ಇದರ ಸೆಟ್ಟಿಂಗುಗಳನ್ನು ರೂಪಿಸಿದವರು ಒಂದು ಕಡೆ ತುಂಬ ಜಾಣತನ ತೋರಿದ್ದಾರೆ, ಇನ್ನೊಂದು ಕಡೆ ಉದಾಸೀನ ಮಾಡಿದ್ದಾರೆ.

ಜಾಣತನ ಇರುವುದು ಇನಿಟ್ ಟರ್ಮಿನಲಿನಲ್ಲಿ. ಹೊಸ ಮಾಡ್ಯೂಲಿನ ವಿಳಾಸ 01, ವೇಗ 9600 ಬಾಡ್, ದಾರಿಯಲ್ಲಿ ಸಂದೇಶ ಕೆಟ್ಟರೆ ಪತ್ತೆಹಚ್ಚುವ ಚೆಕ್‌ಸಮ್ ಆಫ್. ವಿಳಾಸವನ್ನು ಕೂತಲ್ಲಿಂದಲೇ ಬದಲಿಸಬಹುದು. ವೇಗವನ್ನೋ ಚೆಕ್‌ಸಮ್ಮನ್ನೋ ಮುಟ್ಟಬೇಕಾದರೆ ಮಾತ್ರ ಪ್ಯಾನೆಲ್ ತೆರೆದು, ಪವರ್ ಆರಿಸಿ, ಇನಿಟ್ ಟರ್ಮಿನಲನ್ನು ಗ್ರೌಂಡಿಗೆ ಸೇರಿಸಿ, ಮತ್ತೆ ಪವರ್ ಕೊಡಬೇಕು. ಆಗ ಹಳೆಯ ಸೆಟ್ಟಿಂಗ್ ಏನೇ ಇರಲಿ, ಮಾಡ್ಯೂಲು 00 ವಿಳಾಸದಲ್ಲಿ, 9600ರಲ್ಲಿ ಉತ್ತರಿಸುತ್ತದೆ. ಹಿಂದಿನವರು ಏನು ಇಟ್ಟು ಹೋದರೋ ಗೊತ್ತಿಲ್ಲದ ಮಾಡ್ಯೂಲು ಕೈಗೆ ಬಂದವರಿಗೆ ಇದರ ಬೆಲೆ ಗೊತ್ತು. ಕೀಬೋರ್ಡ್ ಮುಂದೆ ಕೂತವರ ಕೈತಪ್ಪಿನಿಂದ ವೇಗ ಬದಲಾಗಿ ಮಾಡ್ಯೂಲು ಮೂಕಾಗುವ ಭಯವೂ ಇಲ್ಲ.

ಅಲಾರಂ ವಿಷಯಕ್ಕೆ ಬಂದರೆ ಈ ಎಚ್ಚರವೆಲ್ಲ ಮಾಯ. ಕಂಪ್ಯೂಟರ್ ಕೆಟ್ಟು ನಿಂತರೂ ಮಾಡ್ಯೂಲು ತಾನೇ ಮಿತಿ ನೋಡಿ ಔಟ್‌ಪುಟ್ ಎಳೆಯುತ್ತದೆ. ಅದು ದೊಡ್ಡ ಗುಣ, ಒಪ್ಪೋಣ. ಆದರೆ ಇರುವುದು ಎರಡೇ ಬಗೆ: ಮೊಮೆಂಟರಿ, ಲ್ಯಾಚಿಂಗ್. ಮೊದಲನೆಯದು ಮಿತಿಯೊಳಗೆ ಬಂದ ಕೂಡಲೇ ಸುಮ್ಮನಾಗುತ್ತದೆ, ಎರಡನೆಯದು ಯಾರಾದರೂ ತೆರವು ಮಾಡುವವರೆಗೆ ಹಿಡಿದುಕೊಂಡಿರುತ್ತದೆ. ಡೆಡ್‌ಬ್ಯಾಂಡಿಗೆ, ಅಂದರೆ ಅಲಾರಂ ನಿಲ್ಲಲು ಮಿತಿಯಿಂದ ಇಷ್ಟು ಒಳಗೆ ಬರಬೇಕು ಎನ್ನುವ ಅಂತರಕ್ಕೆ, ಆದೇಶವೇ ಇಲ್ಲ. ಉಷ್ಣಾಂಶ ಮಿತಿಯ ಅಂಚಿನಲ್ಲೇ ತೂಗಾಡುತ್ತಿದ್ದರೆ ಮೊಮೆಂಟರಿಯಲ್ಲಿ ಔಟ್‌ಪುಟ್ಟಿಗೆ ಜೋಡಿಸಿದ ರಿಲೇ ಟಕಟಕ ಬಡಿದುಕೊಳ್ಳುವುದೇ ಗತಿ.

ಇದಕ್ಕಿಂತ ದೊಡ್ಡ ತಕರಾರು ನನಗೆ ಬೇರೊಂದಿದೆ. ಮೇಲಿನ ಮಿತಿ ಬದಲಿಸಲು, ಅಷ್ಟೇಕೆ, ಅಲಾರಂ ಪೂರ್ತಿ ಆಫ್ ಮಾಡಲು, ಸಾಲಿನ ಮೇಲೆ ಒಂದು ಆದೇಶ ಕಳಿಸಿದರೆ ಸಾಕು. ಇನಿಟ್ ಬೇಡ, ಪಾಸ್‌ವರ್ಡ್ ಬೇಡ. ಇದಕ್ಕೆ ಆಫ್ ಆಗಿರುವ ಚೆಕ್‌ಸಮ್ ಸೇರಿಸಿ ನೋಡಿ. ಈ ಸಾಲಿನಲ್ಲಿ ಬಿಟ್ ತಿರುಗಿದ್ದನ್ನು ಹಿಡಿಯುವ ಪ್ಯಾರಿಟಿಯೂ ಇಲ್ಲ. ಆಸ್ಕಿ ಸಂಕೇತದಲ್ಲಿ 2ಕ್ಕೂ 3ಕ್ಕೂ ಇರುವ ವ್ಯತ್ಯಾಸ ಒಂದೇ ಬಿಟ್. ಪಕ್ಕದ ಮೋಟರು ಸ್ಟಾರ್ಟ್ ಆದಾಗಿನ ಗದ್ದಲಕ್ಕೆ ಆ ಬಿಟ್ ತಿರುಗಿದರೆ, ನೀವು ಕಳಿಸಿದ 250 ಡಿಗ್ರಿ 350 ಆಗಿ ಹೋಗಿ ಕೂರಬಹುದು. ಮಾಡ್ಯೂಲು ಅಂಕಿಯನ್ನು ಮರಳಿ ಹೇಳುವುದಿಲ್ಲ. ಆಶ್ಚರ್ಯಸೂಚಕ ಚಿಹ್ನೆಯೊಂದನ್ನೂ ತನ್ನ ವಿಳಾಸವನ್ನೂ ಕಳಿಸಿ 'ಆಯಿತು' ಎನ್ನುತ್ತದೆ, ಅಷ್ಟೆ.

ಮಿತಿಯನ್ನು ಓದಿ ನೋಡಲು ಬೇರೆ ಆದೇಶ ಇದೆ. ಕಮಿಷನಿಂಗ್ ಮಾಡುವವರೇ, ದಯವಿಟ್ಟು ಅದನ್ನು ಬಳಸಿ. ಸಾಲಿನ ಎಲ್ಲ ಮಾಡ್ಯೂಲುಗಳಲ್ಲೂ ಮೊದಲು ಚೆಕ್‌ಸಮ್ ಆನ್ ಮಾಡಿ, ಮಿತಿ ಬರೆಯಿರಿ, ಮತ್ತೆ ಓದಿಸಿ. ಹಾಗೆ ಓದಿ ಬಂದ ಅಂಕಿಯನ್ನು ನೋಡದೆ ವರದಿಗೆ ಸಹಿ ಹಾಕಬೇಡಿ.